ಏಳು ವರ್ಷಗಳ ದೂರ

ಮನುಷ್ಯನ ಮನಸ್ಸಿನಲ್ಲಿ ಹುಟ್ಟುವ ಭಾವಗಳಲ್ಲಿ ಕೆಲವಕ್ಕೆ ಕವಿಗಳ ಆಶ್ರಯ ದೊರೆತಿದೆ, ಕೆಲವಕ್ಕೆ ಶಾಸ್ತ್ರಕಾರರ ಆಶ್ರಯ ದೊರೆತಿದೆ, ಇನ್ನು ಕೆಲವು ವೈದ್ಯರ ಆಶ್ರಯವನ್ನಾದರೂ ಪಡೆದಿವೆ. ಆದರೆ ಎಂಟು ವರ್ಷದ ಹುಡುಗಿಯೊಬ್ಬಳು ಪಕ್ಕದ ಮನೆಯ ಹದಿನೈದರ ಹುಡುಗಿಯ ವಿಷಯದಲ್ಲಿ ತಾಳುವ ಆರಾಧನೆಗೆ ಇಂಥ ಯಾವ ಆಶ್ರಯವೂ ಇಲ್ಲದೆ, ಅದು ಮನೆಯವರ ನಗೆಗೆ ವಸ್ತುವಾಗಿ, ನಾಲ್ಕಾರು ಮಳೆಗಾಲ ಬಾಳಿ, ಯಾರೂ ಗಮನಿಸದಿರುವಾಗ ಮರೆಯಾಗಿಬಿಡುತ್ತದೆ. “ಊಟ ತಿಂಡಿ ಏನೂ ಬೇಡ ಇವಳಿಗೆ, ಆ ಅಕ್ಕನ ಹಿಂದೆ ಸುತ್ತೋದೊಂದೇ ಕೆಲಸ” ಎಂದು ತಾಯಿ ಗೊಣಗಿಕೊಳ್ಳುವಲ್ಲಿಗೆ ಅದರ ವಿಮರ್ಶೆ ಮುಗಿಯುತ್ತದೆ. ಇದು ನ್ಯಾಯವಲ್ಲ. ಕಳೆದ ಅರುವತ್ತು ಎಪ್ಪತ್ತು ವರ್ಷಗಳಲ್ಲಿ ಮನಶ್ಶಾಸ್ತ್ರಜ್ಞರೂ ಮಾನವಶಾಸ್ತ್ರಜ್ಞರೂ ಪ್ರಾಣಿಗಳ ನಡೆವಳಿಯನ್ನು ಅಭ್ಯಸಿಸುವವರೂ ಬೇರೆಬೇರೆ ಪ್ರಶ್ನೆಗಳನ್ನು ಬೆನ್ನಟ್ಟಿ ಹೋಗಿ ಕಂಡುಕೊಂಡ ಸಂಗತಿಗಳನ್ನು ಒಂದೆಡೆ ಇಟ್ಟು ನೋಡಿದರೆ, ಈ ಭಾವವು ಮಾನವಜಾತಿಯ ವಿದ್ಯಾಭ್ಯಾಸದ ಅತಿ ಪ್ರಾಚೀನವಾದ ಏರ್ಪಾಡುಗಳಲ್ಲಿ ಒಂದೆಂದು ತೋರುತ್ತದೆ.

ನಿದರ್ಶನಕ್ಕೆ ದೂರ ಹೋಗಬೇಕಾಗಿಲ್ಲ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿಗೆ ಸೇರಿದ ಹೋಬಳಿಗಳಲ್ಲೊಂದು ಕೊತ್ತಗೆರೆ. ರಾಗಿಯ ಹೊಲ, ತೆಂಗಿನ ತೋಟ, ಕೆರೆಯ ಏರಿ, ಬೆಳಗಿನ ಬಸ್ಸಿಗೆ ಕಾಯುವ ಹೈಸ್ಕೂಲು ಮಕ್ಕಳು, ಎಲ್ಲವೂ ಆ ಸೀಮೆಯ ಉಳಿದ ಊರುಗಳಲ್ಲಿರುವಂತೆಯೇ ಇಲ್ಲಿಯೂ ಉಂಟು. ೨೦೦೬-೦೭ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಗೆ ಬಂದ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆಯನ್ನಾರಂಭಿಸಿತಷ್ಟೆ; ಆ ಸೈಕಲ್ಲುಗಳು ಬೀದಿಬೀದಿಗೂ ಬಂದ ವರ್ಷಗಳಲ್ಲಿ ಕೊತ್ತಗೆರೆಯ ಯಾವುದಾದರೊಂದು ಬೀದಿಯಲ್ಲಿ, ನಲಿಕಲಿ ತರಗತಿಯಲ್ಲಿ ಕೂರುವ ಒಬ್ಬ ಎಂಟು ವರ್ಷದ ಹುಡುಗಿಯನ್ನೂ, ಗೋಡೆಯಾಚೆಯ ಮನೆಯಲ್ಲಿ ಎಸ್ಸೆಸ್ಸೆಲ್ಸಿಗೆ ಓದುತ್ತಿರುವ ಮತ್ತೊಬ್ಬಳನ್ನೂ ಕಲ್ಪಿಸಿಕೊಳ್ಳೋಣ. ಹೆಸರಿಡುವುದು ಬೇಡ, ಇಂಥ ಜೋಡಿಯನ್ನು ಕಂಡಿಲ್ಲದ ಓದುಗರು ವಿರಳ.

ಹಿರಿಯಳು ಎರಡು ಜಡೆಯನ್ನು ಮಡಿಸಿ ರಿಬ್ಬನ್ನು ಕಟ್ಟಿದರೆ ಕಿರಿಯಳಿಗೂ ಜಡೆ ಮಡಿಸಿಯೇ ಕಟ್ಟಬೇಕು, ಕೂದಲು ಹೆಗಲನ್ನು ಮುಟ್ಟದಿದ್ದರೂ ಸರಿಯೆ. ಹಿರಿಯಳು ಕನಕಾಂಬರವನ್ನು ಒಂದು ಪಕ್ಕಕ್ಕೆ ಮುಡಿದರೆ ಇವಳದೂ ಆ ಪಕ್ಕಕ್ಕೇ. ಬೆಳಗ್ಗೆ ಬಾಗಿಲಿಗೆ ನೀರು ಹಾಕಿ ಸಾರಿಸಿ, ಚುಕ್ಕಿಯಿಟ್ಟು ಎಳೆಯೆಳೆಯುವಾಗ ಹಿರಿಯಳು ಕೆಳತುಟಿಯನ್ನು ಹಲ್ಲಿನಿಂದ ಕಚ್ಚಿಕೊಳ್ಳುವ ಅಭ್ಯಾಸವಿಟ್ಟುಕೊಂಡಿದ್ದರೆ, ಒಂದು ತಿಂಗಳೊಳಗೆ ಪಕ್ಕದ ಬಾಗಿಲಲ್ಲಿ ಮತ್ತೊಂದು ಕೆಳತುಟಿ ಹಲ್ಲಿಗೆ ಸಿಕ್ಕಿರುತ್ತದೆ. “ನಾನೂ ದೊಡ್ಡೋಳಾದ ಮೇಲೆ ಅಕ್ಕನ ತರಾನೇ ಕುಣಿಗಲ್‌ಗೆ ಓದಕ್ಕೆ ಹೋಗ್ತೀನಿ” ಎಂಬ ಮಾತು ಊಟದ ಹೊತ್ತಿನಲ್ಲಿ ಒಂದಲ್ಲ ಒಂದು ನೆಪದಿಂದ ಬಂದೇ ಬರುತ್ತದೆ. ಇಷ್ಟೆಲ್ಲ ಭಕ್ತಿಗೆ ಪಾತ್ರಳಾದವಳು ಈ ಮಗುವನ್ನು ಕಣ್ಣೆತ್ತಿ ನೋಡುವುದೂ ಅಪರೂಪವಾಗಿರಬಹುದು. ಭಕ್ತಿಯ ಸ್ವಭಾವವೇ ಅಂಥದು.

ಇಲ್ಲಿ ಕೇಳಬೇಕಾದ ಪ್ರಶ್ನೆ, ಮಗು ಏಕೆ ಅನುಕರಿಸುತ್ತದೆಂಬುದಲ್ಲ. ಇವಳನ್ನೇ ಏಕೆ ಅನುಕರಿಸುತ್ತದೆಂಬುದು. ರಂಗೋಲಿಯಲ್ಲಿ ತಾಯಿಯ ಕೈ ಇನ್ನೂ ಪಳಗಿದ್ದು, ವಿದ್ಯೆಯಲ್ಲಿ ಮೇಡಮ್ಮನವರು ಇನ್ನೂ ಮೇಲು, ಚೆಲುವಿನಲ್ಲಿ ಟಿವಿಯ ನಾಯಿಕೆಯರಿಗೆ ಇವಳೇನು ಸಮಳಲ್ಲ, ಒಡನಾಟವೆಂದರೆ ಸ್ವಂತ ಅಕ್ಕನೇ ಮನೆಯಲ್ಲಿರಬಹುದು, ಸಮಾನವಯಸ್ಕರು ಬೇಕೆಂದರೆ ಶಾಲೆಯ ತುಂಬ ಇದ್ದಾರೆ. ಇವರೆಲ್ಲರನ್ನೂ ಬಿಟ್ಟು ಕಣ್ಣು ಗೋಡೆಯಾಚೆಗೇ ಹೋಗುವುದರಲ್ಲಿ ಒಂದು ಲೆಕ್ಕಾಚಾರವಿದೆ, ಮಗುವಿಗೆ ಅದು ತಿಳಿಯದಿದ್ದರೂ.

ಅನುಕರಣದ ವಿಷಯವನ್ನು ಪ್ರಯೋಗಶಾಲೆಗೆ ತಂದವರಲ್ಲಿ ಪ್ರಮುಖರಾದ ಆಲ್ಬರ್ಟ್ ಬಂಡೂರಾ ಅವರು ಕೆನಡಾ ದೇಶದ ಮಂಡೇರ್ ಎಂಬ ಚಿಕ್ಕ ಊರಿನಲ್ಲಿ ೧೯೨೫ರಲ್ಲಿ ಹುಟ್ಟಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಕೆಲಸ ಮಾಡಿದವರು. ೧೯೬೧ರಲ್ಲಿ ಅವರು ಪ್ರಕಟಿಸಿದ ಪರೀಕ್ಷೆ ಲೋಕಪ್ರಸಿದ್ಧವಾಯಿತು. ಅಲ್ಲಿನ ಶಿಶುಶಾಲೆಯ ೭೨ ಮಕ್ಕಳಲ್ಲಿ ಕೆಲವರ ಮುಂದೆ ದೊಡ್ಡವರೊಬ್ಬರು ಗಾಳಿ ತುಂಬಿದ ಗೊಂಬೆಯೊಂದನ್ನು ಹೊಡೆದು ಬಡಿದು ಮಾಡಿದರು. ಅದನ್ನು ಕಂಡ ಮಕ್ಕಳು, ಬಳಿಕ ಅಂಥದೇ ಗೊಂಬೆ ಸಿಕ್ಕಾಗ, ಏಟನ್ನು ಮಾತ್ರವಲ್ಲದೆ ಏಟಿನೊಡನೆ ಬಂದ ಮಾತನ್ನೂ ಹಾಗೆಹಾಗೆಯೇ ಒಪ್ಪಿಸಿದರು. ಬಹುಮಾನದಿಂದಲೂ ದಂಡನೆಯಿಂದಲೂ ಮಾತ್ರ ಕಲಿಕೆ ನಡೆಯುತ್ತದೆಂಬ ಮತ ಬಲವಾಗಿದ್ದ ಕಾಲದಲ್ಲಿ, ಸುಮ್ಮನೆ ನೋಡುತ್ತ ಕುಳಿತ ಮಗು ಯಾರೂ ಕಲಿಸದೆ ಕಲಿಯುತ್ತದೆಂಬುದು ದೊಡ್ಡ ಮಾತೇ ಆಗಿತ್ತು. ನಾಲ್ಕು ವರ್ಷಗಳ ತರುವಾಯ ಅವರು ಮಾಡಿದ ಇನ್ನೊಂದು ಪರೀಕ್ಷೆ ಅಷ್ಟು ಪ್ರಸಿದ್ಧವಾಗದಿದ್ದರೂ ನಮ್ಮ ವಿಷಯಕ್ಕೆ ಅದೇ ಹೆಚ್ಚು ಬೇಕಾದುದು: ಗೊಂಬೆಯನ್ನು ಹೊಡೆದವನಿಗೆ ಶಿಕ್ಷೆಯಾದುದನ್ನು ಕಂಡ ಮಕ್ಕಳು ತಾವು ಅಷ್ಟಾಗಿ ಹೊಡೆಯಲಿಲ್ಲ, ಆದರೆ ಕಂಡದ್ದನ್ನು ಮಾಡಿ ತೋರಿಸಿದರೆ ಉಡುಗೊರೆ ಕೊಡುವೆವೆಂದೊಡನೆ ಅವರೂ ಉಳಿದವರಷ್ಟೇ ಚೆನ್ನಾಗಿ ಮಾಡಿ ತೋರಿಸಿದರು. ಎಂದರೆ, ಕಲಿತದ್ದು ಒಳಗೆ ಕುಳಿತಿತ್ತು, ಹೊರಗೆ ಬಂದಿರಲಿಲ್ಲ. ಕೊತ್ತಗೆರೆಯ ಮಗು ಇಂದು ಗೋಡೆಯ ಮೇಲಿನಿಂದ ಕಂಡದ್ದು ಎಂಟು ವರ್ಷಗಳ ಮೇಲೆ ಹೊರಬಂದರೆ ಅದರಲ್ಲಿ ಆಶ್ಚರ್ಯಪಡಬೇಕಾದುದಿಲ್ಲ.

ತುಟಿ ಕಚ್ಚುವ ಸಂಗತಿಯನ್ನು ಹೇಳಿದೆನಲ್ಲ, ಅದು ಹಾಸ್ಯಕ್ಕಾಗಿ ಹೇಳಿದುದಲ್ಲ. ೨೦೦೫ರಲ್ಲಿ ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರೂ ವೈಟನ್ ಎಂಬಿಬ್ಬರು ಚಿಂಪಾಂಜಿಗಳಿಗೂ ಮೂರುನಾಲ್ಕು ವರ್ಷದ ಸ್ಕಾಟ್ಲೆಂಡಿನ ಮಕ್ಕಳಿಗೂ ಒಂದೇ ಪೆಟ್ಟಿಗೆಯನ್ನು ಒಡ್ಡಿದರು. ಪೆಟ್ಟಿಗೆಯೊಳಗೆ ತಿನಿಸೋ ಉಡುಗೊರೆಯೋ ಇರುವುದು. ಅದನ್ನು ತೆಗೆಯುವ ಕ್ರಮವನ್ನು ತೋರಿಸಿಕೊಡುವಾತನು ಬೇಕಾದ ಕ್ರಿಯೆಗಳ ನಡುವೆ ಬೇಡದ ಕ್ರಿಯೆಗಳನ್ನೂ ಸೇರಿಸಿ ಮಾಡುವನು. ಪೆಟ್ಟಿಗೆ ಕಪ್ಪಗಿದ್ದು ಒಳಗಿನದು ಕಾಣದಿದ್ದಾಗ ಚಿಂಪಾಂಜಿಗಳು ತೋರಿಸಿದಂತೆಯೇ ಎಲ್ಲವನ್ನೂ ಮಾಡಿದುವು. ಪಾರದರ್ಶಕವಾದ ಪೆಟ್ಟಿಗೆಯಲ್ಲಿ ಕೆಲವು ಕ್ರಿಯೆ ವ್ಯರ್ಥವೆಂದು ಕಂಡೊಡನೆ ಅವನ್ನು ಬಿಟ್ಟುಬಿಟ್ಟುವು. ಮಕ್ಕಳಾದರೋ, ವ್ಯರ್ಥವೆಂದು ಕಣ್ಣಿಗೆ ಕಾಣುತ್ತಿದ್ದರೂ ಒಂದನ್ನೂ ಬಿಡದೆ ಎಲ್ಲವನ್ನೂ ಮಾಡಿದರು! ಮೊದಲ ನೋಟಕ್ಕೆ ಇದರಲ್ಲಿ ಚಿಂಪಾಂಜಿಯೇ ಜಾಣನೆನಿಸುತ್ತದೆ. ಇದು ಪಶ್ಚಿಮದ ಮಧ್ಯಮವರ್ಗದ ಮಕ್ಕಳ ವಿಶೇಷವಿರಬಹುದೆಂಬ ಸಂಶಯವೂ ಉಳಿಯಲಿಲ್ಲ. ೨೦೧೦ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದಕ್ಷಿಣ ಆಫ್ರಿಕದ ಕಲಹಾರಿಯ ಬೇಟೆಗಾರ ಜನಾಂಗದ ಮಕ್ಕಳೂ ಹಾಗೆಯೇ ನಡೆದುಕೊಂಡರು. ಆಲೋಚಿಸಿ ನೋಡಿದರೆ ಇದು ಮೌಢ್ಯವಲ್ಲ. ಮನುಷ್ಯನ ಕಸಬುಗಳಲ್ಲಿ ಯಾವ ಹೆಜ್ಜೆ ಬೇಕು, ಯಾವುದು ಬೇಡ ಎಂಬುದು ನೋಡಿದ ಮಾತ್ರಕ್ಕೆ ತಿಳಿಯುವಂಥದಲ್ಲ. ಹೆಪ್ಪಿಡುವ ಹಾಲು ಉಗುರುಬೆಚ್ಚಗಿರಬೇಕೆಂಬುದಕ್ಕೆ ಕಾರಣವನ್ನು ಅರಿಯದೆಯೇ ನೂರಾರು ತಲೆಮಾರುಗಳ ಹೆಂಗಸರು ಮೊಸರು ಮಾಡಿದ್ದಾರೆ. ಕಾರಣ ತಿಳಿಯುವ ತನಕ ಯಾವುದನ್ನೂ ಬಿಡದೆ ನಕಲು ಮಾಡುವುದೇ ಕ್ಷೇಮವಾದ ದಾರಿ, ತುಟಿ ಕಚ್ಚುವುದೂ ಸೇರಿ. ಬೇಡದ್ದನ್ನು ಮುಂದೆ ಬಿಡಬಹುದು. ಬೇಕಾದದ್ದನ್ನು ಮೊದಲೇ ಬಿಟ್ಟರೆ ಮತ್ತೆ ಸಿಕ್ಕುವುದಿಲ್ಲ.

ಪ್ರಾಣಿಗಳ ವಿಷಯವನ್ನೆತ್ತಿದ ಮೇಲೆ, ಕುಣಿಗಲ್ ಸೀಮೆಯ ಮಾತಾಡುತ್ತ ಕುದುರೆಯನ್ನು ಬಿಡುವುದುಂಟೆ? ಟೀಪು ಸುಲ್ತಾನನ ಕಾಲದಿಂದ ಹೆಸರಾದ, ಜನರು ಸ್ಟಡ್ ಫಾರಂ ಎಂದೇ ಕರೆಯುವ ಅಲ್ಲಿನ ಕುದುರೆಶಾಲೆಯನ್ನು ಬಸ್ಸಿನ ಕಿಟಕಿಯಿಂದಲಾದರೂ ನೋಡದವರಿಲ್ಲ. ಜರ್ಮನಿಯ ಕಾನ್‌ಸ್ಟಾನ್ಟ್ಸೆ ಕ್ರೂಗರ್ ಮತ್ತು ಸಂಗಡಿಗರು ೨೦೧೪ರಲ್ಲಿ ವರದಿ ಮಾಡಿದಂತೆ, ಹಗ್ಗವನ್ನೆಳೆದು ಮೇವಿನ ಪೆಟ್ಟಿಗೆಯನ್ನು ತೆರೆಯುವುದನ್ನು ಒಂದು ಕುದುರೆಗೆ ಕಲಿಸಿ ಉಳಿದುವು ನೋಡುವಂತೆ ಮಾಡಿದಾಗ, ನೋಡಿ ಕಲಿತವುಗಳಲ್ಲಿ ಹೆಚ್ಚಿನವು ಎಳೆಯವು, ಗುಂಪಿನಲ್ಲಿ ಕೆಳಗಿನ ಸ್ಥಾನದವು. ಅವು ಕಲಿತುದು ತಮಗಿಂತ ಹಿರಿಯವಾದ, ತಮ್ಮ ಗುಂಪಿನದೇ ಆದ ಕುದುರೆಯನ್ನು ನೋಡಿ. ಹಿರಿಯ ಕುದುರೆಗಳು ಎಳೆಯದರಿಂದ ಕಲಿಯುವ ಗೋಜಿಗೆ ಹೋಗಲಿಲ್ಲ. ಜಪಾನಿನ ಕೋಶಿಮಾ ದ್ವೀಪದ ಕೋತಿಗಳ ಕಥೆಯೂ ಇದಕ್ಕೆ ಹೊಂದುತ್ತದೆ, ಆದರೆ ತಿರುಗುಮುರುಗಾಗಿ. ೧೯೫೩ರಲ್ಲಿ ಅಲ್ಲಿ ಇಮೋ ಎಂಬ, ವರ್ಷ ಒಂದೂವರೆಯಷ್ಟೇ ಆಗಿದ್ದ ಹೆಣ್ಣುಕೋತಿ ಮರಳು ಮೆತ್ತಿದ ಗೆಣಸನ್ನು ನೀರಿನಲ್ಲಿ ತೊಳೆದು ತಿನ್ನತೊಡಗಿತು. ಅದನ್ನು ಮೊದಲು ಗಮನಿಸಿದವರು ಸತ್ಸುಯೆ ಮಿತೊ ಎಂಬ ಆ ಊರಿನ ಉಪಾಧ್ಯಾಯಿನಿ ಎಂಬುದು ಹಳ್ಳಿಯ ಮೇಷ್ಟ್ರುಗಳೆಲ್ಲ ನೆನಪಿಡಬೇಕಾದ ವಿಷಯ. ಆ ವಿದ್ಯೆ ಇಮೋವಿನ ಒಡನಾಡಿಗಳಿಗೂ ತಾಯಿಗೂ ಹಬ್ಬಿತು, ಬಳಿಕ ತಾಯಂದಿರಿಂದ ಮರಿಗಳಿಗೆ ಹೋಯಿತು. ವಯಸ್ಸಾದ ಗಂಡುಗಳು ಬಹುಮಟ್ಟಿಗೆ ಕಲಿಯಲೇ ಇಲ್ಲ. ಅವಕ್ಕೆ ಬುದ್ಧಿ ಕಡಮೆಯೆಂದಲ್ಲ, ಮರಿಗಳ ಕಡೆ ನೋಡುವ ರೂಢಿ ಅವಕ್ಕಿರಲಿಲ್ಲ. ಆಫ್ರಿಕದ ಗೋಂಬೆಯ ಕಾಡಿನ ಚಿಂಪಾಂಜಿಗಳಲ್ಲಿಯೂ ಹುತ್ತಕ್ಕೆ ಕಡ್ಡಿ ತೂರಿಸಿ ಗೆದ್ದಲನ್ನೆತ್ತುವ ಕಲೆಯನ್ನು ಹೆಣ್ಣುಮರಿಗಳು ಗಂಡುಮರಿಗಳಿಗಿಂತ ಸುಮಾರು ಎರಡು ವರ್ಷ ಮುಂಚೆ ಕಲಿಯುತ್ತವೆಂದು ಎಲಿಜಬೆತ್ ಲಾನ್ಸ್‌ಡಾರ್ಫ್ ೨೦೦೪ರಲ್ಲಿ ತೋರಿಸಿದರು; ಗಂಡುಮರಿಗಳು ಆಡುತ್ತ ಕುಣಿಯುತ್ತಿದ್ದಾಗ ಹೆಣ್ಣುಮರಿಗಳು ತಾಯಿಯ ಕೈಯನ್ನು ನೋಡುತ್ತಿದ್ದುವು. ಕಲಿಕೆಯೆಂಬುದು ಎಷ್ಟೋ ಪಾಲು ಕಣ್ಣನ್ನು ಎಲ್ಲಿ ನೆಡಬೇಕೆಂಬ ನಿರ್ಣಯವೇ ಆಗಿದೆ.

ಆ ನಿರ್ಣಯವನ್ನು ಮನುಷ್ಯರು ಹೇಗೆ ಮಾಡುತ್ತಾರೆಂಬುದಕ್ಕೆ ೨೦೦೧ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಫ್ರಾನ್ಸಿಸ್ಕೊ ಗಿಲ್-ವೈಟ್ ಒಂದು ಸಿದ್ಧಾಂತವನ್ನು ಮಂಡಿಸಿದರು. ಪ್ರಾಣಿಗಳಲ್ಲಿ ಮೇಲಿನ ಸ್ಥಾನವೆಂದರೆ ಬಹುತೇಕ ಬಲದಿಂದ ಬಂದುದು. ಕೆಳಗಿನವನು ಮೇಲಿನವನನ್ನು ಕಂಡರೆ ದೂರ ಸರಿಯುತ್ತಾನೆ. ಮನುಷ್ಯರಲ್ಲಿ ಮಾತ್ರ ಇದರ ಜೊತೆಗೆ ಇನ್ನೊಂದು ಬಗೆಯ ಹಿರಿತನ ಹುಟ್ಟಿಕೊಂಡಿತು: ಬೆದರಿಸದೆ, ಕೇಳದೆ, ಇತರರು ತಾವಾಗಿ ಕೊಡುವಂಥ ಗೌರವ. ಹೀಗೆ ಗೌರವಿಸುವವನು ದೂರ ಸರಿಯುವುದಿಲ್ಲ, ಹತ್ತಿರ ಸರಿಯುತ್ತಾನೆ. ಕಣ್ಣು ತಪ್ಪಿಸುವುದಿಲ್ಲ, ಕಣ್ಣಿಟ್ಟು ನೋಡುತ್ತಾನೆ. ಚಿಕ್ಕಪುಟ್ಟ ಸೇವೆಯನ್ನು ಮಾಡಿಕೊಡುತ್ತಾನೆ. ಏಕೆಂದರೆ ಅವನಿಗೆ ಬೇಕಾದುದು ಸಾನ್ನಿಧ್ಯ, ಸಾನ್ನಿಧ್ಯದಿಂದ ದೊರೆಯುವ ವಿದ್ಯೆ. ಸೇವೆ ಅದಕ್ಕೆ ತೆರುವ ಶುಲ್ಕ. ಹಿರಿಯಳ ಸೈಕಲ್ಲನ್ನು ಚಿಂದಿಬಟ್ಟೆಯಿಂದ ಒರೆಸಿಡುವ, ಅಂಗಡಿಯಿಂದ ಅವಳಿಗೆ ಪೆನ್ನಿನ ರೀಫಿಲ್ಲು ತಂದುಕೊಡುವ, ಮನೆಯಲ್ಲಿ ಮಾಡಿದ ಚಕ್ಕುಲಿಯಲ್ಲಿ ಎರಡನ್ನು ಲಂಗದಲ್ಲಿ ಮುಚ್ಚಿಕೊಂಡು ಹೋಗಿ ಕೊಡುವ ಮಗುವನ್ನು ಕಂಡವರು, ಗುರುಕುಲದ ಸಮಿತ್ಪಾಣಿಯಾದ ಶಿಷ್ಯನನ್ನು ನೆನೆದರೆ ತಪ್ಪಾಗಲಾರದು. ಈ ಸಿದ್ಧಾಂತಕ್ಕೆ ಆಧಾರವಾಗಿ ನಿಂತ ಪರೀಕ್ಷೆಗಳೂ ಸ್ವಾರಸ್ಯವಾಗಿವೆ. ಮೂರುನಾಲ್ಕು ವರ್ಷದ ಮಕ್ಕಳಿಗೆ ಇಬ್ಬರನ್ನು ತೋರಿಸಿ, ದಾರಿಹೋಕರು ಅವರಲ್ಲೊಬ್ಬರನ್ನೇ ನೋಡುತ್ತಿರುವುದನ್ನೂ ಕಾಣಿಸಿದರೆ, ಆ ಮಕ್ಕಳು ಜನರ ಕಣ್ಣು ಬಿದ್ದವರಿಂದಲೇ ಕಲಿಯಲೊಪ್ಪುತ್ತಾರೆಂದು ೨೦೧೨ರಲ್ಲಿ ಮಾಸಿಯೆ ಚುಡೆಕ್ ಮತ್ತು ಸಂಗಡಿಗರು ಕಂಡುಕೊಂಡರು. ಸೈಕಲ್ಲಿನ ಮೇಲೆ ಹೋಗುವ ಹುಡುಗಿಯನ್ನು ಅರಳಿಕಟ್ಟೆಯ ಮೇಲೆ ಕುಳಿತವರೆಲ್ಲ ಕತ್ತು ತಿರುಗಿಸಿ ನೋಡುತ್ತಾರೆ, ಕೆಲವರು ಮೆಚ್ಚಿ, ಕೆಲವರು ಮುಖ ಸಿಂಡರಿಸಿ. ಮಗು ಲೆಕ್ಕಹಾಕುವುದು ತಿರುಗಿದ ಕತ್ತುಗಳನ್ನು.

ಆದರೂ ಪ್ರಶ್ನೆ ಪೂರ್ತಿಯಾಗಿ ಬಗೆಹರಿಯಲಿಲ್ಲ. ಜನರ ಕಣ್ಣು ಬಿದ್ದವರೆಂದರೆ ಚಿತ್ರನಟಿಯರಲ್ಲವೆ? ನಿಪುಣರೆಂದರೆ ಸ್ವಂತ ಅಕ್ಕನೂ ನಿಪುಣಳಿರಬಹುದಲ್ಲವೆ? ಇಲ್ಲಿ ದೂರದ ಲೆಕ್ಕ ಬರುತ್ತದೆ. ನನ್ನ ಬುದ್ಧಿಗೆ ತೋರುವಂತೆ ಈ ವಿಷಯದ ಹೃದಯ ಅದೇ.

ಮನುಷ್ಯನು ತನ್ನನ್ನು ಅಳೆದುಕೊಳ್ಳುವುದಕ್ಕೆ ತನಗೆ ಸದೃಶರಾದವರನ್ನು ಹುಡುಕುತ್ತಾನೆಂದು ಲಿಯಾನ್ ಫೆಸ್ಟಿಂಗರ್ ೧೯೫೪ರಲ್ಲಿಯೇ ಹೇಳಿದ್ದರು. ಹಾಗೆ ಅಳೆದುಕೊಂಡಾಗ ಎದುರಿನವರು ಮೇಲೆಂದು ಕಂಡರೆ ಎರಡು ಫಲಗಳುಂಟು: ಒಂದು ಉತ್ಸಾಹ, ಇನ್ನೊಂದು ಸಂಕಟ. ಸಂಕಟ ಯಾವಾಗ ಹೆಚ್ಚೆಂಬುದನ್ನು ಅಬ್ರಹಾಂ ಟೆಸ್ಸರ್ ೧೯೮೦ರ ದಶಕದಲ್ಲಿ ವಿವರಿಸಿದರು. ನಮಗೆ ಹತ್ತಿರದವರು, ನಾವು ಮುಖ್ಯವೆಂದು ಭಾವಿಸಿದ ವಿಷಯದಲ್ಲಿಯೇ, ನಮ್ಮನ್ನು ಮೀರಿಸಿದಾಗ ಆಗುವ ನೋವು ಅಪರಿಚಿತರು ಮೀರಿಸಿದಾಗ ಆಗುವುದಿಲ್ಲ. ಒಂದೇ ಬೆಂಚಿನ ಗೆಳತಿಗೆ ಹೆಚ್ಚು ಅಂಕ ಬಂದರೆ ಎದೆ ಚುಚ್ಚುತ್ತದೆ. ಸ್ವಂತ ಅಕ್ಕನನ್ನು ಮನೆಗೆ ಬಂದವರು ಹೊಗಳಿದರೆ ತಂಗಿಯ ಮುಖ ಚಿಕ್ಕದಾಗುತ್ತದೆ, “ನಿಮ್ಮಕ್ಕನ್ನ ನೋಡಿ ಕಲಿ” ಎಂಬ ಮಾತು ಕಲಿಯುವ ಆಸೆಯನ್ನೇ ಕೊಂದುಬಿಡುತ್ತದೆ. ಪಕ್ಕದ ಮನೆಯವಳಾದರೋ ದಿನವೂ ಕಾಣುವಷ್ಟು ಹತ್ತಿರ, ಒಂದೇ ತಟ್ಟೆಯ ಪಾಲಿಗೆ ಬಾರದಷ್ಟು ದೂರ. ತಾಯಿಯ ಮಮತೆಯಲ್ಲಿ ಅವಳು ಭಾಗ ಕೇಳುವವಳಲ್ಲ.

ಇನ್ನು ವಯಸ್ಸು. ಕೆನಡಾದ ವಾಟರ್ಲೂ ವಿಶ್ವವಿದ್ಯಾನಿಲಯದಲ್ಲಿ ಪೆನೆಲೋಪ್ ಲಾಕ್‌ವುಡ್ ಮತ್ತು ಜೀವಾ ಕುಂಡಾ ಎಂಬವರು ೧೯೯೭ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದಿದೆ. ಲೆಕ್ಕಶಾಸ್ತ್ರವನ್ನು ಓದುತ್ತಿದ್ದ ವಿದ್ಯಾರ್ಥಿಗಳಿಗೆ, ಅದೇ ವಿಭಾಗದಲ್ಲಿ ಅಸಾಮಾನ್ಯವಾದ ಕೀರ್ತಿಯನ್ನು ಗಳಿಸಿ ಅಂತಿಮ ವರ್ಷದಲ್ಲಿರುವ ವಿದ್ಯಾರ್ಥಿಯ ವಿಷಯವಾಗಿ ವೃತ್ತಪತ್ರಿಕೆಯ ಲೇಖನವೊಂದನ್ನು ಓದಲು ಕೊಟ್ಟರು. ಓದಿದವರಲ್ಲಿ ಮೊದಲ ವರ್ಷದವರು ಹುರುಪುಗೊಂಡು ತಮ್ಮನ್ನೇ ಹೆಚ್ಚಾಗಿ ಎಣಿಸಿಕೊಂಡರು. ನಾಲ್ಕನೆಯ ವರ್ಷದವರಲ್ಲಿ ಅಂಥ ಹುರುಪು ಕಾಣಲಿಲ್ಲ. ಕಾರಣ ಸ್ಪಷ್ಟ. ಮೊದಲ ವರ್ಷದವನಿಗೆ ‘ನನಗಿನ್ನೂ ಕಾಲವಿದೆ’. ನಾಲ್ಕನೆಯ ವರ್ಷದವನಿಗೆ ಕಾಲ ಮುಗಿದಿದೆ, ಉಳಿದುದು ಕೊರತೆಯ ಲೆಕ್ಕ ಮಾತ್ರ. ಇದನ್ನು ಕೊತ್ತಗೆರೆಗೆ ತಂದು ನೋಡಿ. ಎಂಟರವಳಿಗೂ ಹದಿನೈದರವಳಿಗೂ ನಡುವೆ ಇರುವ ಅಂತರವನ್ನು ಕಿರಿಯಳು ಬುದ್ಧಿಯ ಅಂತರವೆಂದಾಗಲಿ, ಚೆಲುವಿನ ಅಂತರವೆಂದಾಗಲಿ, ಅದೃಷ್ಟದ ಅಂತರವೆಂದಾಗಲಿ ಎಣಿಸಬೇಕಾಗಿಯೇ ಇಲ್ಲ. ಅದು ಬರಿಯ ಏಳು ವರ್ಷಗಳ ಅಂತರ, ಮತ್ತು ವರ್ಷಗಳು ಯಾರನ್ನೂ ಕೇಳದೆ ತಾವಾಗಿ ಬರುತ್ತವೆ. ತೋಟದಲ್ಲಿ ಮುದಿಮರದ ಪಕ್ಕಕ್ಕೆ ನೆಟ್ಟ ತೆಂಗಿನ ಸಸಿ ತಲೆಯ ಮೇಲಿನ ಗೊನೆಯನ್ನು ಕಂಡು ನಾಚಿಕೊಳ್ಳಬೇಕಾದ ಕಾರಣವಿಲ್ಲವಷ್ಟೆ? ತನ್ನ ಸೋಲಿಗೆ ವಯಸ್ಸೆಂಬ ಗೌರವಯುತವಾದ ಕಾರಣ ಸಿದ್ಧವಾಗಿರುವುದರಿಂದಲೇ ಮಗು ಸ್ವಲ್ಪವೂ ಅಸೂಯೆಯಿಲ್ಲದೆ ಆರಾಧಿಸಬಲ್ಲುದು. ದೊಡ್ಡವರಾದ ಮೇಲೆ ನಮಗೆ ಈ ಭಾಗ್ಯ ಒದಗುವುದು ಕಡಮೆ. ನಲವತ್ತರವನು ನಲವತ್ತೇಳರವನ ಏಳಿಗೆಯನ್ನು ನೋಡಿ ‘ಇನ್ನೇಳು ವರ್ಷಕ್ಕೆ ನಾನೂ’ ಎಂದು ನಿಶ್ಚಿಂತೆಯಿಂದ ನಗಲಾರ.

ದೂರ ತೀರ ಹೆಚ್ಚಿದರೂ ಕೆಲಸ ಕೆಡುತ್ತದೆ. ಕ್ಷಯರೋಗದಿಂದ ೧೯೩೪ರಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿ, ತೀರಿಕೊಂಡ ರಷ್ಯದ ಲೆವ್ ವಿಗೋಟ್ಸ್‌ಕಿ ಮಗುವಿನ ಕಲಿಕೆಗೆ ಒಂದು ಪ್ರದೇಶವನ್ನು ಗುರುತಿಸಿದ್ದರು: ತಾನೊಬ್ಬಳೇ ಮಾಡಲಾರಳು, ಬಲ್ಲವರ ಜೊತೆಯಲ್ಲಿ ಮಾಡಬಲ್ಲಳು ಎಂಬಂಥ ಕೆಲಸಗಳ ಪ್ರದೇಶ. ಬಲ್ಲವರೆಂದರೆ ದೊಡ್ಡವರೇ ಆಗಬೇಕೆಂದಿಲ್ಲ, ಮುಂದಿರುವ ಒಡನಾಡಿಯೂ ಆಗಬಹುದೆಂದು ಅವರು ಹೇಳಿದರು. ಎರವಲು ತೆಗೆದುಕೊಂಡು ಕಳೆಯುವ ಲೆಕ್ಕದಲ್ಲಿ ಎಡವುತ್ತಿದ್ದ ಮಕ್ಕಳಿಗೆ ಡೇಲ್ ಷಂಕ್ ಮತ್ತು ಆಂಟನೆಟ್ ಹ್ಯಾನ್ಸನ್ ೧೯೮೫ರಲ್ಲಿ ಎರಡು ಬಗೆಯ ಚಿತ್ರಗಳನ್ನು ತೋರಿಸಿದರು. ಒಂದರಲ್ಲಿ ಉಪಾಧ್ಯಾಯರು ಲೆಕ್ಕವನ್ನು ಬಿಡಿಸುವರು, ಇನ್ನೊಂದರಲ್ಲಿ ಮಗುವೊಂದು ಬಿಡಿಸುವುದು. ಮಗುವನ್ನು ಕಂಡ ಮಕ್ಕಳಲ್ಲಿ ‘ನನ್ನಿಂದಾದೀತು’ ಎಂಬ ನಂಬಿಕೆಯೂ ಹೆಚ್ಚಿತು, ಲೆಕ್ಕವೂ ಹೆಚ್ಚು ಸರಿಬಂದಿತು. ಮೇಡಮ್ಮನವರು ಲೆಕ್ಕ ಮಾಡುವುದರಲ್ಲಿ ಅತಿಶಯವೇನಿದೆ, ಅವರು ಮೇಡಮ್ಮನವರಲ್ಲವೆ! ಕುಂಟೆಬಿಲ್ಲೆಯಲ್ಲಿ ತಾನೂ ಔಟಾಗುವ, ಅಪ್ಪನಿಂದ ತಾನೂ ಬೈಸಿಕೊಳ್ಳುವ, ಸೈಕಲ್ಲು ಕಲಿಯುವಾಗ ಮಂಡಿ ತರೆದುಕೊಂಡ ಗುರುತನ್ನು ಇನ್ನೂ ಉಳಿಸಿಕೊಂಡಿರುವ ಹುಡುಗಿ ಮಾಡಿದ್ದೇ ಮಗುವಿಗೆ ಸಾಕ್ಷ್ಯ.

ಅನುಪಾತದ ಚಮತ್ಕಾರವೊಂದನ್ನೂ ಇಲ್ಲಿ ಹೇಳಿಬಿಡಬೇಕು. ಎಂಟರ ಮುಂದೆ ಹದಿನೈದು ಹತ್ತಿರ ಹತ್ತಿರ ಇಮ್ಮಡಿ. ಕಿರಿಯಳ ಇಡೀ ಬಾಳನ್ನು ಮತ್ತೊಮ್ಮೆ ಬಾಳಿದಷ್ಟು ಅನುಭವ ಹಿರಿಯಳದು. ಹದಿನೈದರ ಮುಂದೆ ಇಪ್ಪತ್ತೆರಡು ಒಂದೂವರೆಪಟ್ಟೂ ಅಲ್ಲ. ಮೂವತ್ತರ ಮುಂದೆ ಮೂವತ್ತೇಳು ಗಣನೆಗೇ ಬಾರದು. ಈ ಆರಾಧನೆ ಯಾರೂ ಕೊಲ್ಲದೆ ತಾನಾಗಿ ಸಾಯುವುದಕ್ಕೆ ಬೇರೆ ಕಾರಣವನ್ನು ಹುಡುಕುವ ಅಗತ್ಯವಿಲ್ಲ.

ಶರೀರದ ಪಾತ್ರವೂ ಇಲ್ಲದಿಲ್ಲ. ಮೂತ್ರಪಿಂಡಗಳ ಮೇಲ್ತುದಿಯಲ್ಲಿರುವ ಅಡ್ರಿನಲ್ ಗ್ರಂಥಿಗಳು ಸುಮಾರು ಆರರಿಂದ ಎಂಟನೆಯ ವಯಸ್ಸಿನೊಳಗೆ, ಪ್ರಾಯ ಬರುವುದಕ್ಕೆ ಬಹಳ ಮುಂಚೆಯೇ, ಡಿಎಚ್‌ಇಎ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸತೊಡಗುತ್ತವೆ. ಹೊರಗೆ ಕಾಣುವ ಬದಲಾವಣೆ ಅತ್ಯಲ್ಪ. ಆದರೆ ಬಾರ್ಬರಾ ರೋಗಾಫ್ ಮತ್ತು ಸಂಗಡಿಗರು ೧೯೭೫ರಲ್ಲಿ ೫೦ ಸಮಾಜಗಳ ವರ್ಣನೆಗಳನ್ನು ತೆಗೆದು ನೋಡಿದಾಗ, ಲೋಕದ ನಾನಾ ಭಾಗಗಳಲ್ಲಿ ಮಕ್ಕಳಿಗೆ ದನ ಕಾಯುವ, ಕೂಸನ್ನೆತ್ತಿಕೊಳ್ಳುವ, ನೀರು ತರುವ ಜವಾಬ್ದಾರಿಯನ್ನು ಒಪ್ಪಿಸತೊಡಗುವುದು ಐದರಿಂದ ಏಳರ ಆಸುಪಾಸಿನಲ್ಲಿಯೇ ಎಂದು ಕಂಡುಬಂದಿತು. ಮಗುವಿನ ಲೋಕ ಅಮ್ಮನ ಸೆರಗಿನಿಂದಾಚೆಗೆ ಹರಡಿ, ತನ್ನಂಥವರು ಯಾರು, ತಾನು ಯಾರಂತಾಗಬೇಕು ಎಂದು ಕಣ್ಣು ಅಲೆಯುವ ಕಾಲ ಅದು. ಮಿದುಳನ್ನು ನೇರವಾಗಿ ಚಿತ್ರಿಸಿ ನೋಡಿದವರೂ ಇದ್ದಾರೆ. ಮೇರಿ ಹೆಲೆನ್ ಇಮ್ಮೊರ್ಡಿನೊ-ಯಾಂಗ್, ಆಂಟೊನಿಯೊ ಡಮಾಸಿಯೊ ಮತ್ತು ಸಂಗಡಿಗರು ೨೦೦೯ರಲ್ಲಿ ೧೩ ಮಂದಿ ವಯಸ್ಕರಿಗೆ ನಿಜಜೀವನದ ವೃತ್ತಾಂತಗಳನ್ನು ಹೇಳಿ, ಪರರ ಕೌಶಲಕ್ಕೂ ಸದ್ಗುಣಕ್ಕೂ ಮೆಚ್ಚಿದಾಗ ಮಿದುಳಿನಲ್ಲಿ ಏನಾಗುತ್ತದೆಂದು ಪರಿಶೀಲಿಸಿದರು. ಎಚ್ಚತ್ತ ಭಾಗಗಳಲ್ಲಿ ಮಿದುಳಿನ ಹಿಂಬದಿಯ ನಡುವಿನ ಒಂದು ಪ್ರದೇ‌ಶ ಮುಖ್ಯವಾದುದು. ಮನುಷ್ಯನು ತನ್ನ ವಿಷಯವಾಗಿ ತಾನೇ ಚಿಂತಿಸುವಾಗ ದುಡಿಯುವ ಪ್ರದೇಶಗಳಲ್ಲಿ ಅದೂ ಒಂದು. ಮಕ್ಕಳ ಮೇಲೆ ಮಾಡಿದ ಪರೀಕ್ಷೆಯಲ್ಲವಾದ ಕಾರಣ ಇದರ ಮೇಲೆ ಹೆಚ್ಚಿನ ಭಾರವನ್ನು ಹೇರಬಾರದು. ಆದರೂ ಇನ್ನೊಬ್ಬರನ್ನು ಮನಸಾರ ಮೆಚ್ಚುವ ಕ್ರಿಯೆ ತನ್ನತನದ ಕಾರ್ಖಾನೆಯಲ್ಲಿಯೇ ನಡೆಯುತ್ತದೆಂಬ ಸೂಚನೆ ಅಲಕ್ಷ್ಯಕ್ಕೆ ಯೋಗ್ಯವಲ್ಲ.

ಇಲ್ಲಿಯವರೆಗಿನ ಮಾತು ಒಳ್ಳೆಯದರದು. ಕಿರಿಯಳು ಹಿರಿಯಳಿಂದ ಕಲಿಯುವುದು ಅವಳು ಮಾಡುವುದನ್ನು ಮಾತ್ರವಲ್ಲ, ಅವಳು ಮಾಡದೆ ನಿಲ್ಲಿಸುವುದನ್ನೂ. ಹತ್ತನೆಯ ತರಗತಿಯಾದ ಮೇಲೆ ಸೈಕಲ್ಲು ತಮ್ಮನ ಪಾಲಾಗಿ, ಹಿರಿಯಳು ಮನೆಯಲ್ಲಿ ಉಳಿದು, ಒಂದು ವರ್ಷದೊಳಗೆ ಅವಳನ್ನು ನೋಡಲು ಗಂಡಿನ ಕಡೆಯವರು ಬಂದರೆ, ಗೋಡೆಯಾಚೆ ಕುಳಿತ ಮಗು ಅದನ್ನೂ ಅಷ್ಟೇ ಶ್ರದ್ಧೆಯಿಂದ ಬರೆದುಕೊಳ್ಳುತ್ತದೆ. ೨೦೧೯-೨೦ರಲ್ಲಿ ಕರ್ನಾಟಕದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಇಪ್ಪತ್ತರಿಂದ ಇಪ್ಪತ್ತನಾಲ್ಕು ವಯಸ್ಸಿನ ಹೆಂಗಸರಲ್ಲಿ ಐವರಿಗೊಬ್ಬರಿಗಿಂತ ತುಸು ಹೆಚ್ಚು ಮಂದಿಗೆ ಹದಿನೆಂಟು ತುಂಬುವ ಮುನ್ನವೇ ಮದುವೆಯಾಗಿತ್ತು. ಅಂಥ ಪ್ರತಿಯೊಬ್ಬಳ ಪಕ್ಕದ ಮನೆಯಲ್ಲಿಯೂ ಎಂಟರವಳೊಬ್ಬಳು ಇದ್ದಿರಬಹುದೆಂದು ಯೋಚಿಸಿದರೆ, ಬಾಲ್ಯವಿವಾಹದ ಹಾನಿಯನ್ನು ಮದುವೆಯಾದವಳೊಬ್ಬಳ ಲೆಕ್ಕದಲ್ಲಿಯೇ ಮುಗಿಸುವುದು ತಪ್ಪೆಂದು ತಿಳಿಯುತ್ತದೆ.

ಮಾದರಿಗೆ ಒಬ್ಬಳು ಸಾಲಳು ಎಂಬುದಕ್ಕೂ ಪ್ರಮಾಣವುಂಟು. ೧೯೭೯ರಲ್ಲಿ ಡೇವಿಡ್ ಪೆರ್ರಿ ಮತ್ತು ಕೇ ಬಸ್ಸಿ ತೋರಿಸಿದಂತೆ, ಮಕ್ಕಳು ತಮ್ಮಂತೆ ಹೆಣ್ಣೋ ಗಂಡೋ ಆದ ಯಾರನ್ನಾದರೂ ಅನುಕರಿಸಿಬಿಡುವುದಿಲ್ಲ. ಹಲವು ಮಂದಿ ಹೆಂಗಸರು ಒಂದನ್ನೇ ಆರಿಸಿಕೊಂಡಾಗ ಅದು ಹೆಂಗಸರು ಆರಿಸಿಕೊಳ್ಳುವ ವಸ್ತುವೆಂದು ನಿರ್ಣಯಿಸುತ್ತಾರೆ. ಬೀದಿಗೊಬ್ಬಳೇ ಸೈಕಲ್ಲು ತುಳಿದರೆ ಅದು ಬೆರಗು. ನಾಲ್ವರು ತುಳಿದರೆ ಅದು ವಾಡಿಕೆ. ಪಶ್ಚಿಮ ಬಂಗಾಳದ ೪೯೫ ಹಳ್ಳಿಗಳಲ್ಲಿ ಲೋರಿ ಬೀಮನ್, ಎಸ್ತರ್ ಡುಫ್ಲೊ, ರೋಹಿಣಿ ಪಾಂಡೆ ಮತ್ತು ಪೆಟಿಯಾ ಟೊಪಲೋವಾ ನಡೆಸಿ ೨೦೧೨ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಈ ಬೆಳಕಿನಲ್ಲಿ ಓದಬೇಕು. ೧೯೯೩ರ ಶಾಸನದ ಮೇರೆಗೆ ಪಂಚಾಯಿತಿಯ ಅಧ್ಯಕ್ಷಸ್ಥಾನ ಎರಡು ಚುನಾವಣೆಗಳಲ್ಲಿ ಹೆಂಗಸರಿಗೆ ಮೀಸಲಾದ ಹಳ್ಳಿಗಳಲ್ಲಿ, ಹಾಗೆ ಎಂದೂ ಮೀಸಲಾಗದ ಹಳ್ಳಿಗಳೊಡನೆ ಹೋಲಿಸಿದಾಗ, ಹನ್ನೊಂದರಿಂದ ಹದಿನೈದು ವಯಸ್ಸಿನ ಹುಡುಗರ ಮತ್ತು ಹುಡುಗಿಯರ ಆಕಾಂಕ್ಷೆಗಳ ನಡುವಿನ ಅಂತರ ಶೇಕಡ ೩೨ರಷ್ಟು ತಗ್ಗಿತ್ತು, ಓದಿನ ಅಂತರವಂತೂ ಅಳಿಸಿಹೋಗಿತ್ತು. ಹೆಣ್ಣುಮಕ್ಕಳಿಗೆ ಆ ಊರುಗಳಲ್ಲಿ ಹೊಸ ಉದ್ಯೋಗಗಳೇನೂ ಹುಟ್ಟಿರಲಿಲ್ಲ. ಆದುದರಿಂದ ಫಲಕ್ಕೆ ಕಾರಣ ಕಣ್ಣೆದುರಿನ ಮಾದರಿಯೇ ಎಂದು ಸಂಶೋಧಕರು ಬಗೆದರು. ಒಂದಲ್ಲ, ಎರಡು ಚುನಾವಣೆಗಳೆಂಬುದನ್ನು ಮರೆಯಬಾರದು. ಮಂಡಲ ಪಂಚಾಯಿತಿಯಲ್ಲಿ ಹೆಂಗಸರಿಗೆ ಕಾಲುಭಾಗ ಸ್ಥಾನಗಳನ್ನು ಕಾದಿಟ್ಟು ೧೯೮೭ರಲ್ಲಿಯೇ ಚುನಾವಣೆ ನಡೆಸಿದ ಕರ್ನಾಟಕವು ಈ ವಿಷಯದಲ್ಲಿ ದೇಶಕ್ಕಿಂತ ಮುಂದಿತ್ತೆಂದು ಹೆಮ್ಮೆಪಡಲಡ್ಡಿಯಿಲ್ಲ.

ನಮ್ಮ ಶಾಲೆಗಳು ಈ ಏರ್ಪಾಡಿಗೆ ಬಹುಕಾಲ ವಿರುದ್ಧವಾಗಿಯೇ ನಡೆದಿವೆ. ಒಂದೇ ವರ್ಷ ಹುಟ್ಟಿದವರನ್ನು ಒಂದೇ ಕೋಣೆಯಲ್ಲಿ ಕೂರಿಸುವ ಪದ್ಧತಿ ಆಡಳಿತಕ್ಕೆ ಅನುಕೂಲ, ಸ್ಪರ್ಧೆಗೆ ಇನ್ನೂ ಅನುಕೂಲ. ಟೆಸ್ಸರ್ ಹೇಳಿದ ಸಂಕಟಕ್ಕೆ ಬೇಕಾದ ಸಾಮಗ್ರಿಯೆಲ್ಲ ಅಲ್ಲಿ ಸಿದ್ಧವಾಗಿರುತ್ತದೆ. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಉಪಾಧ್ಯಾಯರು ರಿಷಿ ವ್ಯಾಲಿ ಶಾಲೆಯ ಪ್ರಯೋಗಗಳನ್ನು ನೋಡಿಬಂದು ಆರಂಭಿಸಿದ ನಲಿಕಲಿ, ಒಂದರಿಂದ ಮೂರನೆಯ ತರಗತಿಯವರನ್ನು ಬೆರೆಸಿ ಗುಂಪುಗಳಲ್ಲಿ ಕೂರಿಸಿತು. ಅದರ ಗುಣದೋಷಗಳ ವಿಚಾರ ಬೇರೆ; ಆರರ ಮಗುವಿನ ಮಗ್ಗುಲಲ್ಲಿ ಎಂಟರ ಮಗು ಕುಳಿತಿರಬೇಕೆಂಬ ಅದರ ಒಂದು ಎಣಿಕೆಯಂತೂ ಹಳ್ಳಿಯ ಬೀದಿಯಿಂದ ಎರವಲು ತಂದಂತಿದೆ. ಮೊಬೈಲಿನ ಪರದೆ ಇದಕ್ಕೆ ನೇರವಾದ ಪ್ರತಿಸ್ಪರ್ಧಿ. ಪರದೆಯ ಹುಡುಗಿ ಕಿರಿಯಳಿಗೆ ಕಾಣುತ್ತಾಳೆ, ಅವಳಿಗೆ ಕಿರಿಯಳು ಕಾಣುವುದಿಲ್ಲ. ಅವಳ ಮಂಡಿಯ ತರಚು ಯಾರಿಗೂ ಕಾಣುವುದಿಲ್ಲ.

ಇನ್ನುಳಿದವಳು ಹಿರಿಯಳು. ಆರಾಧನೆಗೆ ಪಾತ್ರಳಾಗುವುದರಿಂದ ಅವಳಿಗೆ ಸೈಕಲ್ಲು ಒರೆಸುವ ಆಳೊಂದು ಸಿಕ್ಕಿತೆಂಬಷ್ಟೇ ಲಾಭವಲ್ಲ. ಸ್ಟ್ಯಾನ್‌ಫರ್ಡಿನ ಕ್ಯಾಥರಿನ್ ಚೇಸ್ ಮತ್ತು ಸಂಗಡಿಗರು ೨೦೦೯ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಜ್ವರದ ಕಾರಣಗಳ ಪಾಠವನ್ನು ಕೊಟ್ಟು, ಕೆಲವರಿಗೆ ‘ನೀವು ಕಲಿಯಿರಿ’ ಎಂದೂ, ಕೆಲವರಿಗೆ ‘ಕಂಪ್ಯೂಟರಿನೊಳಗಿನ ಈ ಪಾತ್ರಕ್ಕೆ ಕಲಿಸಿರಿ’ ಎಂದೂ ಹೇಳಿದರು. ತಮಗಾಗಿ ಕಲಿತವರಿಗಿಂತ ಕಲಿಸಲೆಂದು ಕಲಿತವರು ಹೆಚ್ಚು ಹೊತ್ತು ಓದಿದರು, ಹೆಚ್ಚು ಕಲಿತರು; ಓದಿನಲ್ಲಿ ಹಿಂದಿದ್ದವರಿಗೆ ಅದರ ಪ್ರಯೋಜನ ವಿಶೇಷವಾಗಿ ದೊರೆಯಿತು. ಜೀವವೇ ಇಲ್ಲದ ಚಿತ್ರವೊಂದು ದಡ್ಡಿಯಾಗಬಾರದೆಂದು ಇಷ್ಟು ಶ್ರಮಪಟ್ಟವರು, ಬಾಗಿಲ ಮೆಟ್ಟಿಲ ಮೇಲೆ ಗಲ್ಲಕ್ಕೆ ಕೈಯಿಟ್ಟು ಕುಳಿತು “ಅಕ್ಕ, ಜ್ವರ ಬಂದ್ರೆ ಮೈ ಯಾಕಕ್ಕ ಬಿಸಿಯಾಗುತ್ತೆ?” ಎಂದು ಕೇಳುವ ಜೀವಂತ ಶಿಷ್ಯೆಯ ಮುಂದೆ ಸುಮ್ಮನಿರುವುದು ಸಾಧ್ಯವೆ? ಹಿರಿಯಳು ತನಗೆಲ್ಲ ತಿಳಿದಿರುವಂತೆ “ನಾಳೆ ಹೇಳ್ತೀನಿ, ಈಗ ಹೋಗು, ನಿಮ್ಮಮ್ಮ ಕೂಗ್ತಿದಾರೆ” ಎನ್ನುತ್ತಾಳೆ. ಮಗು ಅತ್ತ ಹೋದೊಡನೆ ಇತ್ತ ವಿಜ್ಞಾನದ ಪುಸ್ತಕವನ್ನು ತೆಗೆದು, ಅದರಲ್ಲಿ ಉತ್ತರ ಸಿಕ್ಕದೆ, ಮರುದಿನ ಶಾಲೆಯಲ್ಲಿ ಮೇಷ್ಟ್ರನ್ನು ಕೇಳುತ್ತಾಳೆ.